ತೆನೆ ಹಬ್ಬದ ನಂತರದ ಹಿತ್ತಲು

ಸೆಪ್ಟೆಂಬರ್ 8ರ ತೆನೆ ಹಬ್ಬ ಮುಗಿದ ಮೇಲೆ ಕರಾವಳಿಯ ಕ್ರೈಸ್ತರ ಹಿತ್ತಲಿನ ಕಡೆಗೆ ಯಾರೂ ಅಷ್ಟಾಗಿ ನೋಡುವುದಿಲ್ಲ. ಹಬ್ಬದ ತನಕ ಅದರ ವೈಭವವೇ ಬೇರೆ. ಆಗಸ್ಟ್ 30ರಿಂದ ಒಂಬತ್ತು ದಿನಗಳ ಕಾಲ ಮಕ್ಕಳು ಬೆಳಗಾಗುತ್ತಲೇ ಬುಟ್ಟಿ ಹಿಡಿದು ದಾಸವಾಳ, ಗೌರಿ ಹೂ, ಬೇಲಿಯ ಕಾಡುಹೂಗಳನ್ನೂ ಬಿಡದೆ ಕೊಯ್ದು, ಚರ್ಚಿಗೆ ಒಯ್ದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಮೆರವಣಿಗೆಯಲ್ಲಿ ತಂದು, ಆಶೀರ್ವದಿಸಿ, ಮನೆಗಳಿಗೆ ಹಂಚಲಾಗುತ್ತದೆ. ಮನೆಯ ಹಿರಿಯರು ಆ ಕಾಳುಗಳನ್ನು ಸುಲಿದು ಪಾಯಸಕ್ಕೋ ಹಾಲಿಗೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಅಂದು ಬಾಳೆಲೆಯ ಮೇಲೆ ಮಾಂಸ ಮೀನುಗಳಿಗೆ ಸ್ಥಾನವಿಲ್ಲ. ಬೆಂಡೆ, ಅಲಸಂಡೆ, ಹೀರೆ, ಹಾಗಲ, ಅಂಬಟೆ, ಕೆಸುವಿನ ದಂಟು, ಹರಿವೆ ಎಂದು ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳು ಮಾತ್ರ. ದೂರದ ಊರುಗಳಲ್ಲಿರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿ ಹಾಕಿ ಕಳುಹಿಸುವ ಪದ್ಧತಿ ಹಲವು ಮನೆಗಳಲ್ಲಿತ್ತು. ಮುಂಬಯಿಯಲ್ಲಿದ್ದ ನನ್ನ ಚಿಕ್ಕಪ್ಪನಿಗೆ ಹೋಗುತ್ತಿದ್ದ ಆ ಲಕೋಟೆಯ ಮೇಲೆ ವಿಳಾಸ ಬರೆಯುವ ಕೆಲಸ ಬಾಲ್ಯದಲ್ಲಿ ನನ್ನದಾಗಿತ್ತು.

ಈ ಒಂಬತ್ತು ದಿನಗಳ ಭಕ್ತಿಯನ್ನು ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂಡ ಎಂಬ ಗುರುಗಳು ಆರಂಭಿಸಿದರೆಂದು ಪ್ರತೀತಿ. ಆದರೆ ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುವ ಆಚರಣೆಯನ್ನು ತುಳುವರ ಪುದ್ವಾರ್ ಊಟದಿಂದ ಬೇರ್ಪಡಿಸಿ ನೋಡುವುದು ಕಷ್ಟ. ಮಣ್ಣಿನ ಹಬ್ಬಕ್ಕೆ ಮರಿಯಮ್ಮನ ಹುಟ್ಟುಹಬ್ಬ ಬಂದು ಕೂಡಿಕೊಂಡಿತು ಎನ್ನುವುದೇ ಹೆಚ್ಚು ಸರಿ.

ನಾನು ಹೇಳಹೊರಟಿರುವುದು ಹಬ್ಬದ ಬಗ್ಗೆ ಅಲ್ಲ, ಅದರ ನಂತರದ ನಾಲ್ಕಾರು ವಾರಗಳ ಬಗ್ಗೆ. ಮುಂಗಾರಿನ ಮುನ್ನ ಬೀಜ ಊರಿ, ಜೂನ್ ಜುಲೈ ತಿಂಗಳ ಜಡಿಮಳೆಯಲ್ಲಿ ಚಪ್ಪರಕ್ಕೆ ಹಬ್ಬಿಸಿದ ಬಳ್ಳಿಗಳು ಸೆಪ್ಟೆಂಬರ್ ಕೊನೆಗೆ ಸೊರಗುತ್ತವೆ. ಹೀರೆಯ ಎಲೆ ಬುಡದಿಂದ ಹಳದಿಯಾಗುತ್ತ ಬರುತ್ತದೆ. ಬೆಂಡೆಯ ಗಿಡ ಆಳೆತ್ತರ ಬೆಳೆದು ತುದಿಯಲ್ಲಿ ಒಂದೆರಡು ಸೊಟ್ಟ ಕಾಯಿಗಳನ್ನು ಬಿಡುತ್ತದೆ. ಪಡುವಲದ ಕಾಯಿ ನೆಟ್ಟಗೆ ಬೆಳೆಯಲೆಂದು ಕಟ್ಟಿದ್ದ ಕಲ್ಲು ಬರಿದೇ ಹಗ್ಗದಲ್ಲಿ ತೂಗಾಡುತ್ತದೆ. ನೋಡಲು ಚೆಲುವಲ್ಲದ, ಛಾಯಾಚಿತ್ರಕ್ಕೆ ಒದಗದ ಹಿತ್ತಲು ಅದು.

ನಮ್ಮ ಪ್ರಬೋಧನೆಗಳಲ್ಲಿಯೂ ಈ ಹಿತ್ತಲಿಗೆ ಜಾಗವಿಲ್ಲ. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಭಾನುವಾರದ ಪೂಜೆಗಳಲ್ಲಿ ಕುಳಿತು ಕೇಳಿದವನಾಗಿ ಹೇಳುತ್ತೇನೆ: ಕ್ರೈಸ್ತ ವೇದಿಕೆಯಿಂದ ತೋಟದ ಮಾತು ಬಂದಾಗಲೆಲ್ಲ ಅದು ಫಲದ ಮಾತೇ. ಒಳ್ಳೆಯ ನೆಲಕ್ಕೆ ಬಿದ್ದು ನೂರ್ಮಡಿಯಾದ ಬೀಜ, ಫಲ ಕೊಡುವ ಕೊಂಬೆ, ಸೊಲೊಮೋನನ ವೈಭವವನ್ನು ಮೀರಿಸಿದ ಹೊಲದ ಹೂವು. ಆ ಹೂವಿನ ಪ್ರಸ್ತಾಪದ ಜೊತೆಯಲ್ಲಿಯೇ, ಇಂದು ಇದ್ದು ನಾಳೆ ಒಲೆಗೆ ಬೀಳುವ ಹುಲ್ಲಿನ ಪ್ರಸ್ತಾಪವನ್ನೂ ಯೇಸುಸ್ವಾಮಿ ಮಾಡಿದ್ದಾರೆ. ಒಲೆಯ ತನಕ ನಮ್ಮ ಪ್ರಬೋಧಕರು ಹೋಗುವುದು ಅಪರೂಪ. ಫಲ, ಸಮೃದ್ಧಿ, ಇಮ್ಮಡಿ ಮುಮ್ಮಡಿಗಳ ಭಾಷೆ ಇಂದಿನ ಮಧ್ಯಮವರ್ಗದ ಕಿವಿಗೆ ಬಹಳ ಹಿತ. ಮಗನಿಗೆ ವಿದೇಶದಲ್ಲಿ ಕೆಲಸ ಸಿಕ್ಕಿದ್ದಕ್ಕೆ, ಮಗಳಿಗೆ ವೈದ್ಯಕೀಯ ಸೀಟು ಸಿಕ್ಕಿದ್ದಕ್ಕೆ ಕೃತಜ್ಞತಾ ಪೂಜೆ ಮಾಡಿಸುವ ನಾವು, ಮುಗಿಯುತ್ತಿರುವುದನ್ನು ಹೇಗೆ ನೋಡಬೇಕೆಂದು ಕಲಿತಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದೆ ಎಂದು ನನ್ನ ಅನಿಸಿಕೆ. ಚರ್ಚಿನ ಪೂಜಾವರ್ಷ ಕೊನೆಗೊಳ್ಳುವುದು ನವೆಂಬರಿನಲ್ಲಿ. ನವೆಂಬರ್ 2 ಮೃತರ ಸ್ಮರಣೆಯ ದಿನ, ತಿಂಗಳ ಕೊನೆಯ ಸುಮಾರಿಗೆ ಕ್ರಿಸ್ತ ರಾಜರ ಮಹೋತ್ಸವ, ಅದರ ಮುಂದಿನ ಭಾನುವಾರ ಆಗಮನ ಕಾಲದೊಂದಿಗೆ ಹೊಸ ವರ್ಷ. ಎಲೆ ಉದುರಿ, ಹಗಲು ಕುಗ್ಗಿ, ನೆಲ ಹೆಪ್ಪುಗಟ್ಟಲು ತೊಡಗುವ ಯೂರೋಪಿನಲ್ಲಿ ಆ ತಿಂಗಳು ಯಾರೂ ಹೇಳದೆಯೇ ಸಾವನ್ನು ನೆನಪಿಸುತ್ತದೆ. ನಮ್ಮಲ್ಲಿ ಹಾಗಲ್ಲ. ಕನ್ನಡ ಕಾವ್ಯದ ಶರತ್ಕಾಲವೆಂದರೆ ತಿಳಿಯಾದ ಆಕಾಶ, ಬೆಳದಿಂಗಳು. ಕರಾವಳಿಯಲ್ಲಿ ನವೆಂಬರ್ ಎಂದರೆ ಎರಡನೆಯ ಬೆಳೆಯ ಸಂಭ್ರಮ. ಅತ್ತ ವಿಜಯಪುರದ ಕಡೆ ಅಕ್ಟೋಬರಿನಲ್ಲಿ ಚಾಟನಿ ಮಾಡಿದ ದ್ರಾಕ್ಷಿ ಬಳ್ಳಿ ಆ ಹೊತ್ತಿಗೆ ಹೊಸ ಚಿಗುರು ತಳೆದಿರುತ್ತದೆ. ಹೀಗಾಗಿ ಅನುವಾದಿತ ಪುಸ್ತಕಗಳಿಂದ ಎತ್ತಿಕೊಂಡ ಉದುರುವ ಎಲೆಗಳ ಉಪಮೆ ನಮ್ಮ ಮನಸ್ಸಿಗೆ ಇಳಿಯುವುದೇ ಇಲ್ಲ. ನಮ್ಮ ಋತುವಿನ ಕೊನೆ ಸೆಪ್ಟೆಂಬರ್ ಅಕ್ಟೋಬರಿನ ಹಿತ್ತಲಲ್ಲಿದೆ. ಅದನ್ನು ನೋಡುವ ಕಣ್ಣು ಬೇಕು. ನನಗೆ ಆ ಕಣ್ಣು ಇರಲಿಲ್ಲವೆಂಬುದಕ್ಕೆ ಕಳೆದ ವರ್ಷದ ಒಂದು ಘಟನೆ ಸಾಕ್ಷಿ.

ನನ್ನ ತಾಯಿಗೆ ಎಂಬತ್ತು ದಾಟಿದೆ. ಬಂಟ್ವಾಳದ ಆಚೆಯ ಹಳ್ಳಿಯೊಂದರಲ್ಲಿ, ತಂದೆಯವರು ಕಟ್ಟಿಸಿದ ಹಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಆಗಸ್ಟಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಇನ್ನು ಒಬ್ಬರೇ ಇರುವುದು ಸಾಧ್ಯವಿಲ್ಲವೆಂದು ವೈದ್ಯರು ಹೇಳಿದರು. ಕೆನಡಾದಲ್ಲಿರುವ ತಮ್ಮನೂ ನಾನೂ ದೂರವಾಣಿಯಲ್ಲಿ ಮಾತನಾಡಿ, ಅವರನ್ನು ಬೆಂಗಳೂರಿಗೆ ಕರೆತರುವುದೆಂದು ತೀರ್ಮಾನಿಸಿದೆವು. ತಾಯಿಯ ಅಭಿಪ್ರಾಯವನ್ನು ತೀರ್ಮಾನದ ನಂತರ ಕೇಳಿದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅವರು ವಿರೋಧಿಸಲಿಲ್ಲ. ‘ಹೀರೆಯ ಬೀಜ ಒಣಗಲಿ, ಆಮೇಲೆ ಬರುತ್ತೇನೆ’ ಎಂದಷ್ಟೇ ಹೇಳಿದರು.

ದಸರೆಯ ರಜೆಗೆ ನಾಲ್ಕು ದಿನಗಳ ಬಿಡುವು ಮಾಡಿಕೊಂಡು ಹೋದೆ. ಬೀಜ ಒಣಗಿರಲಿಲ್ಲ. ಬೀಜಕ್ಕೆ ಬಿಡುವ ಹೀರೆಕಾಯಿಯ ಕ್ರಮವನ್ನು ಬಲ್ಲವರು ಬಲ್ಲರು. ಬಳ್ಳಿ ಇನ್ನೂ ಕಸುವಿನಲ್ಲಿರುವಾಗಲೇ ಚೆನ್ನಾಗಿ ಬಂದ ಕಾಯಿಯೊಂದನ್ನು ಆರಿಸಿ, ಯಾರೂ ಕೊಯ್ಯದಂತೆ ಅದಕ್ಕೆ ಬಟ್ಟೆಯ ಚೂರು ಕಟ್ಟುತ್ತಾರೆ. ಅದು ಬಳ್ಳಿಯಲ್ಲೇ ಬಲಿತು, ಕಂದಾಗಿ, ಒಳಗೆಲ್ಲ ನಾರಾಗಿ, ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡಬೇಕು. ಆಗ ತುದಿಯ ಪುಟ್ಟ ಮುಚ್ಚಳ ತಾನಾಗಿ ಕಳಚಿ ಕಪ್ಪು ಬೀಜ ಉದುರುತ್ತದೆ. ಅದನ್ನು ಬೂದಿಯಲ್ಲಿ ಹೊರಳಿಸಿ ಬಾಟಲಿಗೆ ತುಂಬಿ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಮುಂದಿನ ಮಳೆಗಾಲದ ಚಿಂತೆಯಿಲ್ಲ. ಇದಕ್ಕೆ ಅವಸರ ನಡೆಯದು. ತಾಯಿ ಕಳೆದ ಬಾರಿ ಎಲ್ಲಕ್ಕಿಂತ ಸೊಗಸಾಗಿ ಬಂದ ಕಾಯಿಯನ್ನೇ ಹೀಗೆ ಬಿಟ್ಟಿದ್ದರು. ಹಬ್ಬದ ಊಟಕ್ಕೆ ಹೀರೆಕಾಯಿ ಸಾಲದೆ ಬಂದಾಗಲೂ ಅದನ್ನು ಮುಟ್ಟಿರಲಿಲ್ಲವಂತೆ.

ಮೂರನೆಯ ದಿನ ಭಾನುವಾರ. ತಾಯಿ ನೆರೆಯವರ ಕಾರಿನಲ್ಲಿ ಬೆಳಗಿನ ಪೂಜೆಗೆ ಹೋಗಿದ್ದರು. ಈ ಹಿತ್ತಲಿನ ನೆಪವೊಂದು ಮುಗಿದರೆ ಸಾಕೆಂದು ನಾನು ಕತ್ತಿ ಹಿಡಿದು ಚಪ್ಪರದ ಹಗ್ಗಗಳನ್ನು ಕೊಯ್ದೆ. ಒಣಗಿದ್ದನ್ನೂ ಒಣಗುತ್ತಿದ್ದುದನ್ನೂ ಬುಡಸಮೇತ ಕಿತ್ತು ತೆಂಗಿನ ಬುಡಕ್ಕೆ ರಾಶಿ ಹಾಕಿದೆ. ಒಂದು ಗಂಟೆಯ ಕೆಲಸ. ನೆಲ ಗುಡಿಸಿದಂತೆ ಚೊಕ್ಕಟವಾಯಿತು. ಕೈ ತೊಳೆಯುವಾಗ ರಾಶಿಯೊಳಗಿನಿಂದ ಕೆಂಪು ಬಟ್ಟೆಯ ಚೂರು ಕಂಡಿತು. ಕಾಯಿ ಅರ್ಧ ಹಸಿರಾಗಿಯೇ ಇತ್ತು. ಒಡೆದು ನೋಡಿದರೆ ಬೀಜ ಬಿಳಿಯಾಗಿತ್ತು.

ನೆಡುವುದಕ್ಕೆ ಕಾಲವಿರುವಂತೆ ಕೀಳುವುದಕ್ಕೂ ಒಂದು ಕಾಲವಿದೆಯೆಂದು ಬೈಬಲಿನ ಉಪದೇಶಕನೇ ಹೇಳಿದ್ದಾನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ವೇದವಾಕ್ಯಗಳು ನಮ್ಮ ತಪ್ಪಿನ ನೆರವಿಗೆ ಎಷ್ಟು ಬೇಗ ಒದಗುತ್ತವೆ! ಕೀಳುವ ಕಾಲ ಯಾವುದೆಂದು ನಿರ್ಧರಿಸುವವರು ಯಾರು ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ. ಪೂಜೆ ಮುಗಿಸಿ ಬಂದ ತಾಯಿ ಹಿತ್ತಲ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ರಾಶಿಯ ಬಳಿ ಹೋಗಿ, ಆ ಬಟ್ಟೆಯ ಚೂರನ್ನು ಒಂದೇ ಕೈಯಲ್ಲಿ ಬಿಡಿಸಿ, ಮಡಚಿ ಸೆರಗಿಗೆ ಸಿಕ್ಕಿಸಿಕೊಂಡರು. ‘ಆಗಲಿ ಪುತಾ, ನಿನಗೂ ಆಯಾಸವಾಯಿತು’ ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಆ ರಾತ್ರಿ ಬೈಬಲನ್ನು ತೆರೆದು ನಾನು ಹುಡುಕಿದ್ದು ತೋಟದ ಕೊನೆಯ ಮಾತುಗಳನ್ನು. ಹುಡುಕಿದಷ್ಟೂ ಸಿಕ್ಕವು. ಫಲದ ಮಾತುಗಳಷ್ಟೇ ಅವೂ ಇವೆ. ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಕೊಯ್ಲಿನ ಕಟ್ಟಳೆಯಿದೆ. ಹೊಲದ ಅಂಚಿನವರೆಗೂ ಕೊಯ್ಯಬಾರದು, ದ್ರಾಕ್ಷಿತೋಟವನ್ನು ಬರಿದು ಮಾಡಬಾರದು, ಉದುರಿದ ಹಣ್ಣನ್ನು ಆರಿಸಿಕೊಳ್ಳಬಾರದು. ಅದು ಬಡವರಿಗೂ ಪರದೇಶಿಯರಿಗೂ ಸೇರಿದ್ದು. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಹೊಲದಲ್ಲಿ ಮರೆತುಬಂದ ಸಿವುಡನ್ನು ತರಲು ಹಿಂದಿರುಗಬಾರದು, ಒಲಿವ್ ಮರದ ಕೊಂಬೆಯನ್ನು ಎರಡನೆಯ ಸಲ ಬಡಿಯಬಾರದು. ಅಂದರೆ ಮರೆವಿಗೂ ಅಲ್ಲಿ ಒಂದು ಧಾರ್ಮಿಕ ಮೌಲ್ಯವಿದೆ. ಮಾಲೀಕ ಮರೆತದ್ದು ವಿಧವೆಯ ಪಾಲು. ಮೋವಾಬಿನಿಂದ ಬಂದ ರೂತಳು ಬೆತ್ಲೆಹೇಮಿನ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಲಹಿದ್ದು ಈ ಕಟ್ಟಳೆಯ ಬಲದಿಂದ. ಮತ್ತಾಯನು ಕೊಡುವ ಯೇಸುವಿನ ವಂಶಾವಳಿಯಲ್ಲಿ ಆ ಪರದೇಶಿ ಹೆಣ್ಣಿನ ಹೆಸರಿದೆ. ಕೊಯ್ಲಿನಲ್ಲಿ ದಕ್ಷತೆಯನ್ನೇ ಪರಮಾರ್ಥವೆಂದು ಬಗೆದ ಬೋವಜನೊಬ್ಬ ಅಂದು ಹೊಲವನ್ನು ಗುಡಿಸಿಹಾಕಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು.

ಲೂಕನ ಶುಭಸಂದೇಶದ 13ನೇ ಅಧ್ಯಾಯದ ಅಂಜೂರದ ಮರದ ಸಾಮತಿಯೂ ಆ ರಾತ್ರಿ ಬೇರೆಯಾಗಿ ಕಂಡಿತು. ಮೂರು ವರ್ಷ ಹಣ್ಣು ಬಿಡದ ಮರವನ್ನು ಕಡಿದುಹಾಕು ಎನ್ನುತ್ತಾನೆ ತೋಟದ ಒಡೆಯ. ಇನ್ನೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ ತೋಟಗಾರ. ಕತೆ ಅಲ್ಲಿಗೆ ಮುಗಿಯುತ್ತದೆ. ಮರ ಹಣ್ಣು ಬಿಟ್ಟಿತೇ ಇಲ್ಲವೇ ಎಂಬುದನ್ನು ಯೇಸು ಹೇಳಿಲ್ಲ. ಒಡೆಯ ಒಪ್ಪಿದನೇ ಎಂಬುದೂ ಗೊತ್ತಿಲ್ಲ. ಈ ಸಾಮತಿಯನ್ನು ಪಶ್ಚಾತ್ತಾಪಕ್ಕೆ ಕೊಟ್ಟ ಕೊನೆಯ ಗಡುವು ಎಂದು ಓದುವುದೇ ವಾಡಿಕೆ. ಅಧ್ಯಾಯದ ಆರಂಭವನ್ನು ಗಮನಿಸಿದರೆ ಅದು ತಪ್ಪಲ್ಲ. ಆದರೆ ಕತೆಯೊಳಗೆ ಮಣ್ಣು ಮುಟ್ಟಿದವನು ಒಬ್ಬನೇ. ಕಡಿಯಲು ಹೇಳುವವನಿಗೆ ಲೆಕ್ಕ ಗೊತ್ತು, ಮರ ಗೊತ್ತಿಲ್ಲ. ಬೆಂಗಳೂರಿನಿಂದ ನಾಲ್ಕು ದಿನದ ರಜೆಯ ಮೇಲೆ ಬಂದವನು ಈ ಇಬ್ಬರಲ್ಲಿ ಯಾರೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ನನ್ನ ಮನೆಯ ವಿಷಯ ಮಾತ್ರವಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಕರಾವಳಿಯ ಕ್ರೈಸ್ತ ಸಮುದಾಯದ ಮುಂದೆ ಇಂದು ಇಂಥ ಹಿತ್ತಲುಗಳು ಅನೇಕ ಇವೆ. ವೃದ್ಧರಷ್ಟೇ ಉಳಿದಿರುವ, ಅಥವಾ ಬೀಗ ಬಿದ್ದಿರುವ ದೊಡ್ಡ ಮನೆಗಳು. ತೆನೆ ಹಬ್ಬಕ್ಕೆ ಬೇಕಾದ ನಾಲ್ಕು ಕಟ್ಟು ತೆನೆಗಾಗಿ ದೂರದ ಗದ್ದೆಯನ್ನು ಅರಸಬೇಕಾದ ಧರ್ಮಕೇಂದ್ರಗಳು; ಮೊದಲಿನ ಗದ್ದೆಗಳು ಅಡಿಕೆ ತೋಟಗಳಾಗಿವೆ, ಸೈಟುಗಳಾಗಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಚರ್ಚಿನ ಮಗ್ಗುಲಲ್ಲಿ ನೂರು ವರ್ಷ ನಡೆದು, ಜಾತಿ ಮತ ನೋಡದೆ ಊರಿಗೆಲ್ಲ ಅಕ್ಷರ ಕಲಿಸಿ, ಈಗ ಮಕ್ಕಳಿಲ್ಲದೆ ಒಂದೊಂದಾಗಿ ಮುಚ್ಚುತ್ತಿರುವ ಅನುದಾನಿತ ಕನ್ನಡ ಶಾಲೆಗಳು. ಶತಮಾನೋತ್ಸವದ ಸ್ಮರಣ ಸಂಚಿಕೆಯ ಶಾಯಿ ಆರುವ ಮುನ್ನ ಬಾಗಿಲು ಹಾಕಿದ ಶಾಲೆಗಳಿವೆ. ಅವುಗಳನ್ನೆಲ್ಲ ಉಳಿಸಿಕೊಳ್ಳಲು ಸಾಧ್ಯ ಎಂದು ನಾನು ನಂಬುವುದಿಲ್ಲ. ಋತು ಮುಗಿದ ಬಳ್ಳಿಗೆ ನೀರೆರೆದು ಫಲವಿಲ್ಲ. ಆದರೆ ಮುಚ್ಚುವ ಬಗೆಯಲ್ಲಿ ವ್ಯತ್ಯಾಸವಿದೆ. ಮಕ್ಕಳ ಹಾಜರಾತಿ ಪುಸ್ತಕ, ಹಳೆಯ ಗ್ರಂಥಾಲಯ, ನಿವೃತ್ತರಾದ ಟೀಚರುಗಳ ನೆನಪು, ಬೀಜಕ್ಕೆ ಬಿಡಬೇಕಾದ ಇವನ್ನೆಲ್ಲ ರದ್ದಿಗೆ ಹಾಕಿ, ಮಾರನೆಯ ವರ್ಷ ಅದೇ ಜಾಗದಲ್ಲಿ ಸಮುದಾಯ ಭವನದ ಶಿಲಾನ್ಯಾಸ ಮಾಡುವವರು ಕತ್ತಿ ಹಿಡಿದ ನನಗಿಂತ ಭಿನ್ನರೇನಲ್ಲ.

ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಎಂಬ ವಿಶ್ವಪತ್ರದಲ್ಲಿ ಅಸಿಸಿಯ ಸಂತ ಫ್ರಾನ್ಸಿಸರ ಒಂದು ಸಂಗತಿ ಬರುತ್ತದೆ. ಮಠದ ತೋಟದಲ್ಲಿ ಒಂದು ಭಾಗವನ್ನು ಯಾವಾಗಲೂ ಉಳದೆ, ನೆಡದೆ, ಕಾಡುಹೂವುಗಳೂ ಗಿಡಮೂಲಿಕೆಗಳೂ ತಮ್ಮಷ್ಟಕ್ಕೆ ಬೆಳೆಯುವಂತೆ ಬಿಡಬೇಕೆಂದು ಅವರು ಹೇಳುತ್ತಿದ್ದರಂತೆ. ಸೆಪ್ಟೆಂಬರ್ 1ರಿಂದ ಆ ಸಂತರ ಹಬ್ಬವಾದ ಅಕ್ಟೋಬರ್ 4ರ ತನಕ ಕ್ರೈಸ್ತ ಲೋಕದ ಅನೇಕ ಪಂಗಡಗಳು ‘ಸೃಷ್ಟಿಯ ಕಾಲ’ವನ್ನು ಆಚರಿಸುತ್ತವೆ. ನಮ್ಮ ತೆನೆ ಹಬ್ಬವೂ ಹಬ್ಬದ ನಂತರದ ಬಾಡಿದ ಹಿತ್ತಲೂ ಸರಿಯಾಗಿ ಈ ಅವಧಿಯೊಳಗೆ ಬರುತ್ತವೆ. ಗಿಡ ನೆಡುವ ಕಾರ್ಯಕ್ರಮ ಮಾಡಿ ಛಾಯಾಚಿತ್ರ ತೆಗೆಸಿಕೊಳ್ಳುವ ನಮ್ಮ ಸಂಘಗಳು, ನೆಟ್ಟದ್ದು ಮುಗಿಯುವಾಗ ಏನು ಮಾಡಬೇಕೆಂಬುದಕ್ಕೂ ಒಂದು ದಿನ ಮೀಸಲಿಟ್ಟರೆ ಕೆಟ್ಟದ್ದೇನಿಲ್ಲ. ಊರಿನ ಹಿರಿಯ ಹೆಂಗಸರು ಉಳಿಸಿಕೊಂಡಿರುವ ಬೀಜಗಳನ್ನು ಚರ್ಚಿನ ಜಗಲಿಯಲ್ಲಿ ಹಂಚುವುದಕ್ಕೆ ಖರ್ಚೂ ಇಲ್ಲ, ವೇದಿಕೆಯೂ ಬೇಡ.

ನಾಲ್ಕನೆಯ ದಿನ, ಹೊರಡುವ ಬೆಳಿಗ್ಗೆ, ಮೂವತ್ತು ವರ್ಷಗಳಿಂದ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಬೀಳ್ಕೊಡಲು ಬಂದರು. ನಮ್ಮ ಬೇಲಿಯಾಚೆಯ ಗುಡ್ಡದಲ್ಲಿ ಅವರ ಮನೆ. ಅವರ ಕೈಯಲ್ಲಿ ಒಣಗಿದ ಎರಡು ಹೀರೆಕಾಯಿಗಳಿದ್ದವು, ಅಲ್ಲಾಡಿಸಿದರೆ ಸದ್ದಾಗುವಂಥವು. ‘ಬಾಯಮ್ಮ ಹೋದ ವರ್ಷ ಕೊಟ್ಟ ಬೀಜವೇ ಇದು, ಪೊರ್ಬುಗಳೇ. ನಮ್ಮಲ್ಲಿ ಒಂದು ಮಳೆ ಮೊದಲೇ ಹಾಕಿದ್ದೆವು’ ಎಂದು ತುಳುವಿನಲ್ಲಿ ಹೇಳಿದರು. ಹಿಂದಿನ ಸಂಜೆ ಹಿತ್ತಲು ಖಾಲಿಯಾದದ್ದನ್ನು ಅವರು ಗುಡ್ಡದಿಂದ ನೋಡಿರಬೇಕು. ನನ್ನ ಕಡೆಗೆ ನೋಡದೆ ಮಾತನಾಡುವಷ್ಟು ಸೌಜನ್ಯ ಅವರಿಗಿತ್ತು.

ದಾರಿಯಲ್ಲಿ ನಾನು ತಾಯಿಗೆ ಇದರ ಬಗ್ಗೆ ಏನೋ ದೊಡ್ಡದಾಗಿ ಹೇಳಹೊರಟೆ. ಕೊಟ್ಟದ್ದೇ ಉಳಿಯುವುದು ಎಂಬ ಧಾಟಿಯಲ್ಲಿ. ಅವರಿಗೆ ಅದು ರುಚಿಸಲಿಲ್ಲ. ‘ಒಂದೇ ಮನೆಯಲ್ಲಿಟ್ಟರೆ ಇಲಿ ತಿನ್ನುತ್ತದೆ, ಮಳೆಗೆ ಕೊಳೆಯುತ್ತದೆ. ನಾಲ್ಕು ಮನೆಯಲ್ಲಿದ್ದರೆ ಎಲ್ಲಾದರೂ ಒಂದು ಕಡೆ ಉಳಿಯುತ್ತದೆ. ಅದಕ್ಕೇ ಕೊಡುವುದು’ ಎಂದರು. ಅವರ ಪಾಲಿಗೆ ಅದು ದಾನವೂ ಅಲ್ಲ, ದೃಷ್ಟಾಂತವೂ ಅಲ್ಲ, ಹಿತ್ತಲಿನ ಲೆಕ್ಕಾಚಾರ. ಬೇಲಿಯಾಚೆ ಬಾಗಿದ ಬಳ್ಳಿಯ ಕಾಯಿ ದಾರಿಯಲ್ಲಿ ಹೋಗುವವರದು ಎಂದು ಅವರು ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದರು. ಯಾಜಕಕಾಂಡವನ್ನು ಅವರು ಓದಿದ್ದಾರೋ ಇಲ್ಲವೋ ನಾನು ಕೇಳಿಲ್ಲ.

ಯೊವಾನ್ನನ ಶುಭಸಂದೇಶದ ಪ್ರಕಾರ ಯೇಸುವನ್ನು ಶಿಲುಬೆಗೇರಿಸಿದ ಜಾಗದಲ್ಲಿ ಒಂದು ತೋಟವಿತ್ತು, ಸಮಾಧಿಯಿದ್ದುದೂ ಆ ತೋಟದಲ್ಲಿಯೇ. ಮೂರನೆಯ ದಿನ ಮುಂಜಾನೆ ಅಳುತ್ತ ನಿಂತಿದ್ದ ಮಗ್ದಲದ ಮರಿಯಳು ಎದುರಿಗಿದ್ದವರನ್ನು ತೋಟಗಾರನೆಂದು ಭಾವಿಸಿದಳು. ಅದನ್ನು ಆಕೆಯ ಪ್ರಮಾದವೆಂದು ಬಾಲ್ಯದ ಧರ್ಮೋಪದೇಶದ ತರಗತಿಯಲ್ಲಿ ನಮಗೆ ಕಲಿಸಿದ್ದರು. ಈಗ ಅದು ಅಂಥ ಪ್ರಮಾದವೆಂದು ನನಗೆ ತೋರುವುದಿಲ್ಲ. ಆ ನಸುಕಿನಲ್ಲಿ, ಎಲ್ಲ ಮುಗಿದ ತೋಟದಲ್ಲಿ, ಇನ್ನೂ ಕೆಲಸವಿದೆ ಎಂದು ನಿಂತಿರುವವನು ತೋಟಗಾರನಲ್ಲದೆ ಮತ್ತಾರಾಗಿ ಕಂಡಾನು?

ತಾಯಿ ಬೆಂಗಳೂರಿಗೆ ಬಂದು ತಿಂಗಳುಗಳಾದವು. ಮಣಿಕಟ್ಟು ಕೂಡಿದೆ. ಹೀರೆಯ ಬೀಜಗಳನ್ನು ಅವರು ಬೂದಿಯ ಬದಲು, ನಮ್ಮಲ್ಲಿ ಒಲೆಯಿಲ್ಲವಾದ್ದರಿಂದ, ಧೂಪಾರತಿಯ ಬೂದಿಯನ್ನು ಕೆಳಗಿನ ಮನೆಯವರಿಂದ ಕೇಳಿ ತಂದು ಅದರಲ್ಲಿ ಹೊರಳಿಸಿ, ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟಿದ್ದಾರೆ. ಆ ಕೆಂಪು ಬಟ್ಟೆಯ ಚೂರು ಬಾಟಲಿಯ ಕುತ್ತಿಗೆಗೆ ಕಟ್ಟಿದೆ. ಕೆಳಗಿನ ಮನೆಯವರಿಗೆ ಈಗಾಗಲೇ ಹತ್ತು ಬೀಜ ಹೋಗಿವೆ. ತಾರಸಿಯ ಮೇಲೆ ಚಪ್ಪರ ಹಾಕಬಹುದೇ ಎಂದು ಮೊನ್ನೆ ಕೇಳಿದರು. ವಸತಿ ಸಮುಚ್ಚಯದ ಸಂಘದವರನ್ನು ವಿಚಾರಿಸಬೇಕು ಎಂದಿದ್ದೇನೆ. ಮುಂದಿನ ಸಭೆ ಮೇ ತಿಂಗಳ ಎರಡನೆಯ ಭಾನುವಾರ. ಬೀಜ ಹಾಕಲು ಅದಕ್ಕಿಂತ ತಡವಾಗುವಂತಿಲ್ಲ ಎನ್ನುತ್ತಾರೆ ಅವರು.